7 ವರ್ಷ ಅಟ್ಟದಲ್ಲಿ, 120 ವರ್ಷ ಅನುಮಾನದಲ್ಲಿ

9 ಅಡಿ ಉದ್ದ, 7 ಅಡಿ ಅಗಲ. ಎತ್ತರ ಎಷ್ಟು ಗೊತ್ತಾ? ಜಾಸ್ತಿ ಇರುವ ಕಡೆ 3 ಅಡಿ. ಅಲ್ಲಿಂದ ಸೂರು ಇಳಿಜಾರು. ಎದ್ದು ನಿಲ್ಲೋ ಹಾಗೇ ಇಲ್ಲ. ಗಾಳಿ ಇಲ್ಲ, ಬೆಳಕಿಲ್ಲ, ಇಲಿಗಳ ಓಡಾಟ ಬೇರೆ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಈಡೆಂಟನ್ ಅನ್ನೋ ಊರಲ್ಲಿ, ಅಜ್ಜಿ ಮನೆಯ ಉಗ್ರಾಣದ ಮೇಲಿದ್ದ ಈ ಸಂದಿಯಲ್ಲಿ ಒಬ್ಬ ಹೆಣ್ಣುಮಗಳು ಸುಮಾರು 7 ವರ್ಷ ಅಡಗಿದ್ದಳು. 1835ರಿಂದ 1842ರವರೆಗೆ. ಹ್ಯಾರಿಯೆಟ್ ಜೇಕಬ್ಸ್ ಅಂತ ಹೆಸರು. ಗುಲಾಮಗಿರಿಯಲ್ಲೇ ಹುಟ್ಟಿದವಳು.

ಅಲ್ಲೇ ಸಿಕ್ಕ ಒಂದು ಬೈರಿಗೆಯಿಂದ ಗೋಡೆಯಲ್ಲಿ ಚಿಕ್ಕ ಕಿಂಡಿ ಕೊರೆದುಕೊಂಡಳು. ಕೆಳಗೆ ಬೀದಿಯಲ್ಲಿ ತನ್ನ ಇಬ್ಬರು ಮಕ್ಕಳು ಆಡೋದು ಅದರಿಂದ ಕಾಣ್ತಿತ್ತು. ಕೂಗಿ ಕರೆಯೋ ಹಾಗಿಲ್ಲ. ಇತ್ತ ಯಜಮಾನ ಡಾಕ್ಟರ್ ಜೇಮ್ಸ್ ನಾರ್ಕಮ್, ಹಿಡಿದುಕೊಟ್ಟವರಿಗೆ 100 ಡಾಲರ್ ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದ. ಇವಳೇನು ಕಡಿಮೆಯೇ? ಅಟ್ಟದಲ್ಲಿ ಕೂತೇ ಅವನಿಗೆ ಪತ್ರ ಬರೆದು, ಅದು ನ್ಯೂಯಾರ್ಕ್‌ನಿಂದ ಅಂಚೆಗೆ ಬೀಳೋ ಹಾಗೆ ಮಾಡಿದಳು. ಅವನು ಅದನ್ನು ನಂಬಿಯೇಬಿಟ್ಟ!

ಇದನ್ನೆಲ್ಲ ಅವಳು ಪುಸ್ತಕವಾಗಿ ಬರೆದಳು. 1861ರಲ್ಲಿ ಬಾಸ್ಟನ್ನಿನಲ್ಲಿ ಅಚ್ಚಾಯಿತು. ನಂಬಿದವರೂ ಇದ್ದರು. ಆದರೆ ಕಾಲ ಕಳೆದಂತೆ ಏನಾಯಿತು ಅಂದ್ರೆ, ಇತಿಹಾಸಕಾರರೇ ಇದನ್ನು ಪಕ್ಕಕ್ಕಿಟ್ಟರು. ಇದು ಆತ್ಮಕಥೆ ಅಲ್ಲ, ಕಾದಂಬರಿ. ಸಂಪಾದಿಸಿಕೊಟ್ಟ ಬಿಳಿಯ ಲೇಖಕಿ ಲಿಡಿಯಾ ಮರಿಯಾ ಚೈಲ್ಡ್ ಬರೆದಿದ್ದೇ ಇರಬೇಕು ಅಂದರು.

ವೀಕ್ಷಕರೇ, ದಾಖಲೆ ಇದೆಯಾ ಅಂತ ಸ್ಟುಡಿಯೋದಲ್ಲಿ ನಾವು ದಿನಾ ಕೇಳ್ತೀವಿ. ಕೇಳಲೇಬೇಕು. ಎಂಜಿನಿಯರಿಂಗ್ ಓದಿದವನು ನಾನು, ಡೇಟಾ ಇಲ್ಲದೆ ಒಂದು ಮಾತೂ ಒಪ್ಪದ ಜಾಯಮಾನ. ಆದರೆ ಗುಲಾಮರ ಆತ್ಮಕಥೆಗಳ ಚರಿತ್ರೆ ಓದುವಾಗ ಆ ಪ್ರಶ್ನೆ ನನಗೇ ಚುಚ್ಚಿತು. ಯಾಕಂದ್ರೆ ಈ ಪುಸ್ತಕಗಳು ಹುಟ್ಟಿದ್ದೇ ಸಾಕ್ಷಿಯಾಗಿ. ಗುಲಾಮಗಿರಿ ಅಂದರೆ ಏನು ಅಂತ ಉತ್ತರದ ಬಿಳಿಯರಿಗೆ ತೋರಿಸಿ, ಅದನ್ನು ನಿಲ್ಲಿಸಬೇಕು. ಉದ್ದೇಶ ಅಷ್ಟೇ. ಸಾಹಿತ್ಯ ಅನ್ನೋದೆಲ್ಲ ಆಮೇಲಿನ ಮಾತು.

ಫ್ರೆಡರಿಕ್ ಡಗ್ಲಸ್ ಕಥೆ ಕೇಳಿ. ತಪ್ಪಿಸಿಕೊಂಡು ಬಂದ ಗುಲಾಮ, ವೇದಿಕೆ ಹತ್ತಿದರೆ ಅದ್ಭುತ ಮಾತುಗಾರ. ಅದೇ ಅವನ ತಪ್ಪಾಯಿತು! ಇಷ್ಟು ಚೆನ್ನಾಗಿ ಮಾತಾಡೋನು ಗುಲಾಮ ಆಗಿರಲು ಸಾಧ್ಯವೇ ಅಂದರು ಜನ. 1845ರಲ್ಲಿ ಆತ ಯಜಮಾನರ ಹೆಸರು, ಊರು ಎಲ್ಲ ಬಿಚ್ಚಿಟ್ಟು ಪುಸ್ತಕ ಬರೆದ. ಸಾಕ್ಷಿ ಕೊಟ್ಟಿದ್ದಕ್ಕೇ ಸಿಕ್ಕಿಬೀಳುವ ಅಪಾಯ, ಬ್ರಿಟನ್‌ಗೆ ಹೋಗಬೇಕಾಯಿತು. ಅಷ್ಟಾದರೂ ಪುಸ್ತಕದ ಮುಂದೆ ಇಬ್ಬರು ಬಿಳಿಯರ ಮಾತು ಇರಲೇಬೇಕಿತ್ತು, ಗ್ಯಾರಿಸನ್ ಮತ್ತು ಫಿಲಿಪ್ಸ್. ನಮ್ಮಲ್ಲಿ ಗೆಜೆಟೆಡ್ ಆಫೀಸರ್ ಸಹಿ ಹಾಕಿಸ್ತೀವಲ್ಲ, ಹಾಗೆ. ತಾನು ತಪ್ಪಿಸಿಕೊಂಡ ದಾರಿಯನ್ನು ಮಾತ್ರ ಡಗ್ಲಸ್ ಆ ಪುಸ್ತಕದಲ್ಲಿ ಹೇಳಲೇ ಇಲ್ಲ. ಹೇಳಿದ್ದರೆ ಹಿಂದೆ ಬರುವವರಿಗೆ ದಾರಿ ಮುಚ್ಚುತ್ತಿತ್ತು.

ಜೇಕಬ್ಸ್‌ಗೆ ಇನ್ನೊಂದು ಕಷ್ಟ. ಅವಳು ಹೇಳಬೇಕಿದ್ದದ್ದು ಮರ್ಯಾದಸ್ಥರ ಮನೆಯಲ್ಲಿ ಯಾರೂ ಬಾಯಿಬಿಡದ ವಿಷಯ. 15ನೇ ವಯಸ್ಸಿನಿಂದಲೇ ಯಜಮಾನನ ಕಾಟ. ಅವನಿಂದ ಉಳಿಯೋಕೆ ಇನ್ನೊಬ್ಬ ಬಿಳಿಯನ ಜೊತೆ ಸಂಬಂಧ, ಅದರಿಂದ ಇಬ್ಬರು ಮಕ್ಕಳು. ಓದುವವರು ಯಾರು? ಉತ್ತರದ ಬಿಳಿಯ ಗೃಹಿಣಿಯರು. ಅವರ ಎದುರು ನಾಚಿಕೆಯನ್ನೂ ಒಪ್ಪಿಕೊಳ್ಳುತ್ತಾಳೆ, ಮರುಕ್ಷಣವೇ ವಾದಕ್ಕೂ ನಿಲ್ಲುತ್ತಾಳೆ: ಗುಲಾಮ ಹೆಣ್ಣನ್ನು ನಿಮ್ಮ ಅಳತೆಗೋಲಲ್ಲಿ ಅಳೆಯಬೇಡಿ ಅಂತ. ಈ ತಗ್ಗುವುದು, ಏಳುವುದು ಇದೆಯಲ್ಲ, ನನ್ನ ಪ್ರಕಾರ ಪುಸ್ತಕದ ನಿಜವಾದ ಸಾಹಿತ್ಯ ಅಲ್ಲಿದೆ. ಬರೀ ಅಫಿಡವಿಟ್‌ನಲ್ಲಿ ಇದು ಸಿಗಲ್ಲ.

ಬರೆದದ್ದಾದರೂ ಹೇಗೆ? ಹಗಲೆಲ್ಲ ನ್ಯೂಯಾರ್ಕ್ ಕಡೆಯ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ, ರಾತ್ರಿ ಬರವಣಿಗೆ. ಅದಕ್ಕೂ ಮೊದಲು 'ಅಂಕಲ್ ಟಾಮ್ಸ್ ಕ್ಯಾಬಿನ್' ಬರೆದು ಹೆಸರಾಗಿದ್ದ ಹ್ಯಾರಿಯೆಟ್ ಬೀಚರ್ ಸ್ಟೋವ್ ಸಹಾಯ ಕೇಳಿದ್ದಳು. ಸ್ಟೋವ್ ಏನು ಮಾಡಿದರು? ಈಕೆಯ ಗುಟ್ಟಿನ ಬದುಕಿನ ವಿವರವನ್ನು, ನಿಜವೇ ಅಂತ ಖಚಿತಪಡಿಸಿಕೊಳ್ಳಲು, ಅವಳು ಕೆಲಸ ಮಾಡುತ್ತಿದ್ದ ಮನೆಯೊಡತಿಗೇ ಕಳಿಸಿಬಿಟ್ಟರು. ಜೇಕಬ್ಸ್ ನೊಂದುಕೊಂಡಳು. ತಾನೇ ಬರೆಯುತ್ತೇನೆ ಅಂತ ಕೂತಳು. ಪುಸ್ತಕದ ಒಳಗೆ ತನ್ನ ಹೆಸರನ್ನು ಲಿಂಡಾ ಬ್ರೆಂಟ್ ಅಂತಲೂ ಯಜಮಾನನನ್ನು ಡಾಕ್ಟರ್ ಫ್ಲಿಂಟ್ ಅಂತಲೂ ಬದಲಿಸಿದಳು. ಮುಖಪುಟದಲ್ಲಿ ಇದ್ದದ್ದು "ಸ್ವತಃ ಅವಳೇ ಬರೆದದ್ದು" ಅನ್ನೋ ಮಾತು ಮಾತ್ರ, ಲೇಖಕಿಯ ಹೆಸರಿಲ್ಲ. ಇರುವ ಒಂದೇ ಹೆಸರು ಸಂಪಾದಕಿ ಚೈಲ್ಡ್ ಅವರದು. ಅನುಮಾನಕ್ಕೆ ಇನ್ನೇನು ಬೇಕು?

ಜೀನ್ ಫೇಗನ್ ಯೆಲಿನ್ ಅನ್ನೋ ವಿದ್ವಾಂಸೆ ಕೂಡ ಮೊದಲು ಇದನ್ನು ಕಟ್ಟುಕಥೆ ಅಂತಲೇ ತಿಳಿದಿದ್ದವರು. ಆಮೇಲೆ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದ ಹಳೆಯ ಪತ್ರಗಳನ್ನು ಓದಿದರು. ಜೇಕಬ್ಸ್ ತನ್ನ ಗೆಳತಿ ಏಮಿ ಪೋಸ್ಟ್‌ಗೆ ಬರೆದವು. ಪುಸ್ತಕ ಬರೆಯುವ ಕಷ್ಟ, ಸಂಕೋಚ, ಎಲ್ಲ ಅದರಲ್ಲಿತ್ತು. ದನಿಯೂ ಅದೇ. 1981ರಲ್ಲಿ ಯೆಲಿನ್ ಪುರಾವೆ ಸಮೇತ ಪ್ರಕಟಿಸಿದರು: ಬರೆದದ್ದು ಜೇಕಬ್ಸ್. ಲಿಂಡಾ ಯಾರು, ಫ್ಲಿಂಟ್ ಯಾರು ಅನ್ನೋದರ ಸಮೇತ ಹಾರ್ವರ್ಡ್ ಆವೃತ್ತಿ ಬಂದದ್ದು 1987ರಲ್ಲಿ. ಜೇಕಬ್ಸ್ ತೀರಿಕೊಂಡು ಅಷ್ಟೊತ್ತಿಗೆ 90 ವರ್ಷ ಆಗಿತ್ತು.