ಅಕ್ಕಿ ಮೇಲಿನ ಬೂಷ್ಟಿಂದ ಅಜ್ಜಿಯ ಮಾತ್ರೆವರೆಗೆ | ಔಷಧಿ ಕತೆಗಳು, ಕಂತು 6

ಮನೇಲಿ ಅಜ್ಜಿ ರಾತ್ರಿ ಊಟ ಆದ್ಮೇಲೆ ತಗೊಳ್ಳೋ ಕೊಲೆಸ್ಟ್ರಾಲ್ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ. ಸಣ್ಣ ಅಕ್ಷರದಲ್ಲಿ ಅಟೋರ್ವಾಸ್ಟ್ಯಾಟಿನ್ ಅಂತಲೋ ರೋಸುವಾಸ್ಟ್ಯಾಟಿನ್ ಅಂತಲೋ ಇರುತ್ತೆ. ಈ ಸ್ಟ್ಯಾಟಿನ್ ವಂಶದ ಮೊದಲನೆಯದು ಸಿಕ್ಕಿದ್ದು ಜಪಾನಿನ ಕ್ಯೋಟೋದಲ್ಲಿ, ಧಾನ್ಯದಂಗಡಿಯ ಅಕ್ಕಿ ಮೇಲಿದ್ದ ನೀಲಿ-ಹಸಿರು ಬೂಷ್ಟಲ್ಲಿ.

ಹುಡುಕಿದವರು ಅಕಿರಾ ಎಂಡೋ. 1933ರಲ್ಲಿ ಅಕಿತಾ ಪ್ರಾಂತ್ಯದ ರೈತರ ಮನೇಲಿ ಹುಟ್ಟಿದವರು, ಪೆನಿಸಿಲಿನ್‌ನ ಫ್ಲೆಮಿಂಗ್ ಕತೆ ಓದಿ ಬೂಷ್ಟಿನ ಹಿಂದೆ ಬಿದ್ದವರು. ನಮ್ಮ ಕೊಲೆಸ್ಟ್ರಾಲ್‌ನಲ್ಲಿ ಹೆಚ್ಚಿನದು ತಟ್ಟೆಯಿಂದ ಬರೋದಲ್ಲ, ದೇಹವೇ ಮಾಡ್ಕೊಳ್ಳುತ್ತೆ, ಅದರಲ್ಲೂ ಲಿವರ್. ತುಪ್ಪ, ಡಾಲ್ಡಾ, ಕರಿದಿದ್ದು ಕಮ್ಮಿ ಮಾಡಿ ಕಾಳು, ಸೊಪ್ಪು ಜಾಸ್ತಿ ಮಾಡಿದ್ರೂ ಕೆಲವರಿಗೆ ಸಾಕಷ್ಟು ಇಳಿಯದೇ ಇರೋದು ಇದಕ್ಕೇ. ಲಿವರಿನ ಆ ಕೆಲಸ ಒಂದು ಕಿಣ್ವದ ಮೇಲೆ ನಿಂತಿದೆ. ಯಾವುದೋ ಬೂಷ್ಟು ತನ್ನ ಶತ್ರುಗಳನ್ನ ಸಾಯಿಸೋಕೆ ಈ ಕಿಣ್ವವನ್ನೇ ತಡೀತಿರಬಹುದು ಅನ್ನೋದು ಎಂಡೋ ಊಹೆ.

1971ರಿಂದ ಎರಡು ವರ್ಷ, ಸುಮಾರು 6000 ಮಾದರಿ. ಕೊನೆಗೂ ಕಾಂಪ್ಯಾಕ್ಟಿನ್ ಸಿಕ್ತು.

ಇಲಿಗೆ ಕೊಟ್ರೆ ಏನೂ ಆಗ್ಲಿಲ್ಲ! ಯೋಜನೆ ಮುಚ್ಚೋ ಹಂತ. ಆಗ ಕಂಪನಿಯಲ್ಲೇ ಕೋಳಿ ಮೇಲೆ ಪ್ರಯೋಗ ಮಾಡ್ತಿದ್ದ ಒಬ್ಬ ಸಹೋದ್ಯೋಗಿ ಬಾರಲ್ಲಿ ಸಿಕ್ಕಿದ್ರು. ಮೊಟ್ಟೆಯಲ್ಲಿ ಕೊಲೆಸ್ಟ್ರಾಲ್ ಇದೆ, ಅಂದ್ರೆ ಮೊಟ್ಟೆ ಇಡೋ ಕೋಳಿ ಅದನ್ನ ಧಾರಾಳವಾಗಿ ತಯಾರಿಸ್ತಿರಬೇಕು ಅಲ್ವಾ? ಕೊಟ್ಟು ನೋಡಿದ್ರು. ಹೆಚ್ಚುಕಮ್ಮಿ ಅರ್ಧಕ್ಕಿಳೀತು. (ಇಲಿ ಬಿಟ್ಟು ಕೋಳಿ ಹಿಡಿದ ಈ ತರ್ಕ ನನಗೆ 6000 ಮಾದರಿಗಿಂತ ದೊಡ್ಡದು.)

1978ರಲ್ಲಿ ಒಸಾಕಾದಲ್ಲಿ ಮೊದಲ ರೋಗಿ: 18 ವರ್ಷದ ಹುಡುಗಿ, ನಮ್ಮದೇ ವಯಸ್ಸು. ಅಪ್ಪ ಅಮ್ಮ ಇಬ್ಬರಿಂದಲೂ ಬಂದ ವಂಶವಾಹಿ ದೋಷ. ಕೊಲೆಸ್ಟ್ರಾಲ್ ಇಳೀತು, ಆದ್ರೆ ಸ್ನಾಯು ಸೋತ್ವು. ವೈದ್ಯರು ಕೈಬಿಡಲಿಲ್ಲ, ಮುಂದಿನ ರೋಗಿಗಳಿಗೆ ಡೋಸ್ ಇಳಿಸಿದ್ರು. ಈಗಲೂ ಮಾತ್ರೆ ತಗೊಳ್ಳೋರಿಗೆ ಮೈಕೈ ನೋವು ಬಂದ್ರೆ ಡಾಕ್ಟರಿಗೆ ಹೇಳ್ಬೇಕು, ತಾವಾಗೇ ನಿಲ್ಲಿಸಬಾರದು. ನಿಲ್ಲಿಸಿದ್ರೆ ಕೊಲೆಸ್ಟ್ರಾಲ್ ಮತ್ತೆ ಏರುತ್ತೆ. ಅಂಥ ದೋಷಕ್ಕೆ ತೆಳ್ಳಗೆ ದಪ್ಪ ಅಂತಿಲ್ಲ. ನಿಮ್ಮ ಮನೇಲಿ ಯಾರಿಗಾದ್ರೂ ಚಿಕ್ಕ ವಯಸ್ಸಲ್ಲೇ ಹಾರ್ಟ್ ಅಟ್ಯಾಕ್ ಆಗಿದ್ರೆ ನೀವೂ ಒಮ್ಮೆ ಲಿಪಿಡ್ ಪ್ರೊಫೈಲ್ ಮಾಡಿಸಿ.

1980ರಲ್ಲಿ ನಾಯಿಗಳಲ್ಲಿ ಕ್ಯಾನ್ಸರ್ ಶಂಕೆ ಬಂದು ಸ್ಯಾಂಕ್ಯೋ ಕಂಪನಿ ಕಾಂಪ್ಯಾಕ್ಟಿನ್ ನಿಲ್ಲಿಸ್ತು. ಅಮೆರಿಕದ ಮರ್ಕ್ ಇನ್ನೊಂದು ಬೂಷ್ಟಿಂದ ತೆಗೆದ ಲೋವಾಸ್ಟ್ಯಾಟಿನ್‌ಗೆ 1987ರಲ್ಲಿ ಅನುಮತಿ ಪಡೀತು. ಆದ್ರೂ ಅನುಮಾನ ಹೋಗಿರ್ಲಿಲ್ಲ: ನಂಬರ್ ಇಳೀತು ಸರಿ, ಜನ ಬದುಕ್ತಾರಾ? ಉತ್ತರ ಬಂದಿದ್ದು 1994ರಲ್ಲಿ. ಸ್ಕ್ಯಾಂಡಿನೇವಿಯಾದ 4444 ಹೃದ್ರೋಗಿಗಳ ಅಧ್ಯಯನದಲ್ಲಿ ಸಿಮ್ವಾಸ್ಟ್ಯಾಟಿನ್ ತಗೊಂಡವರಲ್ಲಿ ಸಾವು 30% ಕಮ್ಮಿ.

ಎಂಡೋಗೆ ಈ ಮಾತ್ರೆಗಳಿಂದ ದುಡ್ಡು ಬರ್ಲಿಲ್ಲ. 2008ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಬಂತು, ನೊಬೆಲ್ ಬರ್ಲೇ ಇಲ್ಲ. 2024ರ ಜೂನ್‌ನಲ್ಲಿ, 90ನೇ ವಯಸ್ಸಲ್ಲಿ ತೀರ್ಕೊಂಡ್ರು.

#ಔಷಧಿಕತೆಗಳು #ವಿಜ್ಞಾನಇತಿಹಾಸ