ವಿಹಾರಯಾತ್ರೆಯಿಂದ ಶಿಕಾರಿಯವರೆಗೆ: ಮಸ್ಕಿ-ಲಿಂಗಸುಗೂರು ಸೀಮೆಯ ನೀರುಹಕ್ಕಿಗಳು

ರಾಯಚೂರು ದೋಆಬಿನ ಇತಿಹಾಸವನ್ನು ಬರೆದವರೆಲ್ಲರೂ ಕೋಟೆಗಳ ಕಡೆಗೂ ಕದನಗಳ ಕಡೆಗೂ ಹೆಚ್ಚಾಗಿ ಗಮನ ಕೊಟ್ಟಿದ್ದಾರೆ. ಮುದಗಲ್ಲಿಗಾಗಿ ಬಹಮನಿಗಳೂ ವಿಜಯನಗರದವರೂ ಎಷ್ಟು ಸಲ ಕಾದಾಡಿದರೆಂಬುದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಆದರೆ ಈ ಸೀಮೆಯ ಕೆರೆಗಳಿಗೆ ಚಳಿಗಾಲದಲ್ಲಿ ಬಂದಿಳಿಯುವ ಬಾತುಗಳನ್ನು ಅರಸಿಕೊಂಡು ಪರಸ್ಥಳದವರು ಬಂದ ಕಥೆಯನ್ನು ಯಾರೂ ಕ್ರಮವಾಗಿ ವಿವೇಚಿಸಿದಂತೆ ನಮಗೆ ಕಾಣಲಿಲ್ಲ. ವಿಷಯವು ಅಲ್ಪವೆಂದು ತೋರಬಹುದು. ಅದು ಅಲ್ಪವಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲು ಮಸ್ಕಿಯನ್ನೇ ತೆಗೆದುಕೊಳ್ಳೋಣ. ಚಿನ್ನದ ಗಣಿಗಳ ಎಂಜಿನಿಯರನಾಗಿದ್ದ ಬೀಡನ್ ಎಂಬಾತನು 1915ರಲ್ಲಿ ಇಲ್ಲಿಯ ಬಂಡೆಯ ಮೇಲೆ ಕಂಡ ಶಾಸನವು 'ದೇವಾನಾಂಪ್ರಿಯ'ನೇ ಅಶೋಕನೆಂಬುದನ್ನು ಹೆಸರಿನ ಸಹಿತ ಸ್ಥಿರಪಡಿಸಿತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಪ್ರಕಟಿಸಿದರು. ಬೇಟೆಯ ನಿಷೇಧವು ಮಸ್ಕಿಯ ಬಂಡೆಯಲ್ಲಿಯೇ ಇದೆಯೆಂದು ಭಾವಿಸುವವರಿದ್ದರೆ ಅದು ಸರಿಯಲ್ಲ. ಇಲ್ಲಿರುವುದು ಅರಸನ ಧರ್ಮಶ್ರದ್ಧೆಯ ಮಾತು ಮಾತ್ರ. ಬೇಟೆಯ ಪ್ರಸ್ತಾಪಕ್ಕೆ ನಾವು ಕರ್ನೂಲು ಜಿಲ್ಲೆಯ ಎರ್ರಗುಡಿಗೆ ಹೋಗಬೇಕು. ಅಲ್ಲಿಯೂ ಇತರೆಡೆಗಳಲ್ಲಿಯೂ ಇರುವ ಎಂಟನೆಯ ಬಂಡೆಶಾಸನವು, ಹಿಂದಿನ ಅರಸರು 'ವಿಹಾರಯಾತ್ರೆ'ಗೆ ಹೊರಡುತ್ತಿದ್ದರೆಂದೂ ಅದರಲ್ಲಿ ಬೇಟೆಯೂ ಅಂಥವೇ ಇತರ ವಿನೋದಗಳೂ ಇರುತ್ತಿದ್ದುವೆಂದೂ ಹೇಳಿ, ಪಟ್ಟಾಭಿಷೇಕವಾದ ಹತ್ತು ವರ್ಷಗಳಿಗೆ ತಾನು ಸಂಬೋಧಿಗೆ ಹೋಗಿ ಅದರ ಸ್ಥಾನದಲ್ಲಿ 'ಧರ್ಮಯಾತ್ರೆ'ಯನ್ನು ತಂದೆನೆಂದು ಸಾರುತ್ತದೆ. ಇಪ್ಪತ್ತಾರನೆಯ ವರ್ಷದಲ್ಲಿ ಬರೆಯಿಸಿದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಿದೆ. ಅದರಲ್ಲಿ ಗಿಳಿ ಗೊರವಂಕಗಳೊಡನೆ ಹಂಸವೂ ಚಕ್ರವಾಕವೂ ಸೇರಿವೆ. ಚಕ್ರವಾಕವು ಕವಿಗಳ ಕಲ್ಪನೆಯ ಹಕ್ಕಿಯಲ್ಲ. ಲಡಾಖ್, ಟಿಬೆಟ್ ಮತ್ತು ಮಧ್ಯ ಏಷ್ಯದ ನೀರುಗಳಲ್ಲಿ ಮರಿಮಾಡಿ ಚಳಿಗಾಲಕ್ಕೆ ನಮ್ಮ ಹೊಳೆದಂಡೆಗಳಿಗೆ ಇಳಿದು ಬರುವ ಕಾವಿಬಣ್ಣದ ಬಾತು. ಬೇಟೆಗಾರನೂ ಬೇಟೆಯ ಹಕ್ಕಿಯೂ ಇಬ್ಬರೂ ಪರದೇಶದಿಂದ ಬಂದವರೆಂಬುದು ಮುಂದಿನ ಕಾಲದ ಒಂದು ವಿಚಿತ್ರ.

ಆಜ್ಞೆಯು ಎಷ್ಟರಮಟ್ಟಿಗೆ ನಡೆಯಿತು? 1958ರಲ್ಲಿ ಕಂದಹಾರದಲ್ಲಿ ದೊರೆತ ಗ್ರೀಕ್-ಅರಮಾಯಿಕ್ ಶಾಸನವು ಅರಸನ ಬೇಟೆಗಾರರೂ ಬೆಸ್ತರೂ ತಮ್ಮ ವೃತ್ತಿಯನ್ನು ಬಿಟ್ಟರೆಂದು ಹೇಳುತ್ತದೆ. ಅದು ಅರಮನೆಯ ಬೇಟೆಗಾರರ ಮಾತು, ಹಳ್ಳಿಯವರದಲ್ಲ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬೇಟೆಯು ಮತ್ತೆ ಅರಸರ ವಿನೋದವಾಗಿ ನಿಂತಿದ್ದಿತು. ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಮೃಗಯಾವಿನೋದಕ್ಕೂ ಡೇಗೆಯ ಬೇಟೆಗೂ ಪ್ರತ್ಯೇಕ ಪ್ರಕರಣಗಳಿವೆ.

ಇನ್ನು ಲಿಂಗಸುಗೂರು. ನಿಜಾಮನ ಕಂಟಿಂಜೆಂಟ್ ಪಡೆಯ ಒಂದು ದಂಡು ಇಲ್ಲಿದ್ದಿತು. 1853ರ ಒಪ್ಪಂದದಿಂದ ದೋಆಬು ಇಂಗ್ಲಿಷರ ವಶಕ್ಕೆ ಬಂದು 1860ರಲ್ಲಿ ನಿಜಾಮನಿಗೆ ಹಿಂದಿರುಗಿತು. ಮುಂದೆ 1905ರವರೆಗೂ ಲಿಂಗಸುಗೂರೇ ಒಂದು ಜಿಲ್ಲೆಯಾಗಿದ್ದಿತು. ದಂಡಿನ ಅಧಿಕಾರಿಗಳಿಗೆ ಚಳಿಗಾಲದ ಬಿಡುವೆಂದರೆ ಕೆರೆಯ ಬಾತು. ಕೃಷ್ಣೆಯಾಚೆ ಸುರಪುರದಲ್ಲಿ 1841ರಿಂದ 1853ರವರೆಗೆ ಆಡಳಿತ ನೋಡಿದ ಮೆಡೋಸ್ ಟೇಲರನಿಗೂ ಅಲ್ಲಿಯ ಬೋನಾಳ ಕೆರೆಗೂ ಇದ್ದ ನಂಟು ಪ್ರಸಿದ್ಧವಾದುದು. ನಾಯಕರು ಕಟ್ಟಿಸಿದ ಆ ಕೆರೆ ಇಂದು ಪಕ್ಷಿಧಾಮವಾಗಿದೆ.

ಈ ಶಿಕಾರಿಯ ರೀತಿಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಬಾತು ರಾತ್ರಿ ಮೇದು, ಹಗಲು ತೆರೆದ ನೀರಿನ ನಡುವೆ ವಿಶ್ರಮಿಸುವ ಹಕ್ಕಿ. ಯಾವ ಕೆರೆಯಲ್ಲಿ ಎಷ್ಟು ನೀರು ಉಳಿದಿದೆ, ಒಂದು ಕೆರೆಯಲ್ಲಿ ಬೆದರಿದ ಹಿಂಡು ಯಾವ ಕೆರೆಗೆ ಹಾರುತ್ತದೆ, ಜೊಂಡಿನೊಳಗೆ ಕಾಲಿಡಲು ಗಟ್ಟಿ ನೆಲ ಎಲ್ಲಿದೆ ಎಂಬುದೊಂದೂ ಪರಸ್ಥಳದ ಸಾಹೇಬನಿಗೆ ತಿಳಿಯತಕ್ಕದ್ದಲ್ಲ. ತಿಳಿದವನು ಊರಿನವನು. ದೇಶದ ಹಲವು ಕಡೆಗಳಲ್ಲಿ ಹಕ್ಕಿ ಹಿಡಿಯುವವರು ಮೊದಲು ಬರಿಯ ಮಡಕೆಗಳನ್ನು ನೀರಿನಲ್ಲಿ ತೇಲಿಬಿಟ್ಟು ಬಾತುಗಳಿಗೆ ಅವುಗಳ ಹೆದರಿಕೆ ಕಳೆಯುವಂತೆ ಮಾಡಿ, ಆಮೇಲೆ ತಲೆಗೆ ಅಂಥದೇ ಮಡಕೆ ಕವುಚಿಕೊಂಡು ಕುತ್ತಿಗೆಯುದ್ದದ ನೀರಿನಲ್ಲಿ ನಡೆದು, ಕಾಲು ಹಿಡಿದು ಸದ್ದಿಲ್ಲದೆ ಎಳೆದುಕೊಳ್ಳುತ್ತಿದ್ದರು. ಬಂದೂಕಿನ ಸದ್ದಿಗಿಂತ ಈ ಮೌನದಲ್ಲಿ ಹೆಚ್ಚಿನ ವಿದ್ಯೆ ಇದೆಯೆಂದರೆ ಅತಿಶಯವಾಗಲಾರದು.

ಹ್ಯೂಮ್ ಮತ್ತು ಮಾರ್ಷಲರು 1879ರಿಂದ 1881ರವರೆಗೆ ಹೊರತಂದ ಮೂರು ಸಂಪುಟಗಳೂ, ಸ್ಟುವರ್ಟ್ ಬೇಕರನು 1908ರಲ್ಲಿ ಬಾತುಗಳನ್ನೇ ಕುರಿತು ಬರೆದ ಗ್ರಂಥವೂ ಇಂಥ ಅಧಿಕಾರಿಗಳ ಅನುಭವದ ಮೇಲೆ ನಿಂತಿವೆ. ಅಂಥ ಬರಹಗಳಲ್ಲಿ ಹಕ್ಕಿಯ ತೂಕ, ರೆಕ್ಕೆಯ ಅಳತೆ, ಹೊಡೆದವನ ಹೆಸರು ಸಿಗುತ್ತವೆ. ದಾರಿ ತೋರಿದವನು ಬಹುಮಟ್ಟಿಗೆ 'ನಮ್ಮ ಶಿಕಾರಿ' ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತಾನೆ. ಇದನ್ನು ಲೇಖಕರ ಮರೆವೆಂದು ಬಿಟ್ಟುಬಿಡಲಾಗದು. ಈ ಸೀಮೆಯಲ್ಲಿ ಬೇಟೆಯಲ್ಲಿ ನಿಪುಣರಾದವರು ಬೇಡರು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯ ಮೇಲೆ ಮುಧೋಳ ಸೀಮೆಯ ಹಲಗಲಿಯ ಬೇಡರು ಬಂಡೆದ್ದರು. 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪನಾಯಕನ ಮೇಲೆ ಲಿಂಗಸುಗೂರಿನ ದಂಡಿನ ಪಡೆಯೇ ನಡೆದಿತು. 1878ರ ಆಯುಧ ಕಾಯಿದೆಯು ಬ್ರಿಟಿಷ್ ಆಡಳಿತದ ಪ್ರಾಂತಗಳಲ್ಲಿ ದೇಶೀಯರಿಗೆ ಲೈಸೆನ್ಸನ್ನು ವಿಧಿಸಿ ಯುರೋಪಿಯನರಿಗೆ ವಿನಾಯಿತಿ ಕೊಟ್ಟಿತು. ಬೇಡನ ಕೈಯ ಆಯುಧ ಅಪಾಯವೆನಿಸಿತು, ಅವನ ಕಣ್ಣು ಮಾತ್ರ ಬೇಕಾಯಿತು. ಸಾಮಾನು ಹೊರುವ ಕೆಲಸವಂತೂ ನಿಜಾಮನ ಸೀಮೆಯಲ್ಲಿ ಬಹುಕಾಲ ಬಿಟ್ಟಿಯಾಗಿ ನಡೆಯಿತು.

ಪ್ರಮಾಣದ ಮಾತಿಗೆ ಬಂದರೆ ನಮ್ಮ ಕೆರೆಗಳ ಬೇಟೆ ಸಣ್ಣದು. ಭರತಪುರದಲ್ಲಿ 1938ರ ನವೆಂಬರಿನಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಅತಿಥಿಯಾಗಿದ್ದ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದರು. ಆ ಲೆಕ್ಕವನ್ನು ಅಲ್ಲಿ ಕಲ್ಲಿನಲ್ಲಿಯೇ ಕೆತ್ತಿಸಿದ್ದಾರೆ. ಇದೂ ಒಂದು ಶಿಲಾಶಾಸನವೇ! ಹೈದರಾಬಾದಿನಲ್ಲಿ ಅದಕ್ಕೆ ಕೆಲವು ವರ್ಷ ಮುಂಚೆ, 1931-32ರಲ್ಲಿ, ಸಾಲಿಂ ಅಲಿಯವರು ಸಂಸ್ಥಾನದ ಪಕ್ಷಿಗಳನ್ನು ಸಮೀಕ್ಷಿಸಿದ್ದರು. ಅಲ್ಲಿಯೂ ಮಾದರಿಗಾಗಿ ಬಂದೂಕು ಇದ್ದೇ ಇದ್ದಿತು.

1972ರ ವನ್ಯಜೀವಿ ಕಾಯಿದೆಯು ಬೇಟೆಗೆ ಕಟ್ಟು ಹಾಕಿತು. 1991ರ ತಿದ್ದುಪಡಿಯು ವಿನೋದಬೇಟೆಯ ಲೈಸೆನ್ಸನ್ನೇ ಕಿತ್ತುಹಾಕಿತು. ಇಷ್ಟರಲ್ಲಿ ನೆಲದ ರೂಪವೂ ಬೇರೆಯಾಯಿತು. 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆ ಸಿಂಧನೂರಿನ ಜೋಳದ ಎರೆಭೂಮಿಯನ್ನು ಭತ್ತದ ಗದ್ದೆಯನ್ನಾಗಿ ಮಾಡಿತು. ಕೆರೆಯಂಗಳದಲ್ಲಿ ಮಾತ್ರ ಮೇವು ಹುಡುಕುತ್ತಿದ್ದ ಬಾತಿಗೆ ಈಗ ಗದ್ದೆಯ ಕೂಳೆಯೂ ಉದುರಿದ ಕಾಳೂ ದೊರೆಯುತ್ತವೆ. ಅದನ್ನು ಓಡಿಸುವವನು ಬೆಳೆಯ ಚಿಂತೆಯ ರೈತ. ಅವನ ಕೈಯಲ್ಲಿರುವುದು ತಗಡಿನ ಡಬ್ಬ.