ಕೂಲಿ ಇಲ್ಲದ ಗೇಮೆ

ಮೊನ್ನೆ ನಮ್ಮ ಬೀದಿಯ ಕೊನೇ ಮನೆ ಅಕ್ಕ ಜಗಲಿ ಮೇಲೆ ಹೂ ಕಟ್ತಾ ಕೂತಿದ್ದೋರು ಕೇಳಿದರು: "ಮಕ್ಕಳೆಲ್ಲ ಬೆಂಗಳೂರು ಸೇರ್ಕಂಡ್ರು. ಹನ್ನೊಂದು ಗಂಟೆಗೆಲ್ಲ ಮನೆಗೆಲಸ ಮುಗೀತದೆ. ಊರಿಗೆ ವಸಿ ಸೇವೆ ಮಾಡಣ ಅಂತ ಆಸೆ. ಎಲ್ಲಿಗೋಗಿ ಕೇಳದು ಕಣಮ್ಮಿ?"

ಆಗ ನಂಗೆ ಉತ್ತರ ಹೊಳೀಲಿಲ್ಲ. ರಾತ್ರಿ ಮಲಗಿದಾಗ ನಮ್ಮಜ್ಜಿ ನೆನಪಾದರು. ಅಜ್ಜಿಗೆ ಈ ಪ್ರಶ್ನೆಯೇ ಬರ್ತಿರಲಿಲ್ಲ. ಕೆಲಸವೇ ಮನೆ ಬಾಗಿಲಿಗೆ ಬತ್ತಿತ್ತು.

ಅವರ ಕಾಲದಲ್ಲಿ ಮುಯ್ಯಾಳು ಅಂತ ಇತ್ತಲ್ಲ. ಇವತ್ತು ನಿಮ್ಮ ಹೊಲದ ಕಳೆಗೆ ನಾನು, ನಾಳೆ ನಮ್ಮ ಗದ್ದೆ ನಾಟಿಗೆ ನೀವು. ಕೂಲಿ ಇಲ್ಲ, ಊಟ ಮಾತ್ರ. ಹೊಗೆಸೊಪ್ಪು ಬಂದ ಮೇಲೂ ನಮ್ಮ ಕಡೆ ಸೊಪ್ಪು ಕಟ್ಟೋಕೆ ಹೆಂಗಸರು ಹಿಂಗೇ ಒಬ್ಬರ ಮನೆಗೆ ಒಬ್ಬರು ಹೋಗ್ತಿದ್ದರು. ಬೇಸಿಗೇಲಿ ದಾರಿ ಬದಿ ಅರವಟ್ಟಿಗೆ ಇಟ್ಟು ಹೋಗೋ ಬರೋರಿಗೆ ನೀರು ಮಜ್ಜಿಗೆ ಕೊಡೋರು. ಸೂಲಗಿತ್ತಿಯರು ನಡುರಾತ್ರಿ ಲಾಟೀನು ಹಿಡ್ಕೊಂಡು ಹೊರಡೋರು. ಬದಲಿಗೆ ಸಿಗ್ತಿದ್ದದ್ದು ಒಂದು ಸೀರೆ, ಒಂದಷ್ಟು ರಾಗಿ, ಎಲೆ ಅಡಿಕೆ. ಇದನ್ನ ಯಾರೂ ಸಮಾಜಸೇವೆ ಅಂತ ಕರೀಲಿಲ್ಲ. ಅದಕ್ಕೇ ಯಾವ ಚರಿತ್ರೆ ಪುಸ್ತಕದಲ್ಲೂ ಅವರ ಹೆಸರಿಲ್ಲ.

ಹೆಸರಿಟ್ಟು ಸೇವೆ ಮಾಡೋದು ಶುರುವಾದದ್ದು ಆಮೇಲೆ. 1940ರ ಸುಮಾರಿಗೆ ಮೈಸೂರು ವಿಶ್ವವಿದ್ಯಾನಿಲಯದ ಹುಡುಗರು, ಮೇಷ್ಟರುಗಳು ಸೇರಿ ಅಕ್ಷರ ಬಾರದ ದೊಡ್ಡೋರಿಗೆ ಪಾಠ ಹೇಳೋಕೆ ಹೊರಟರು. ಅದೇ ಬೆಳೆದು ವಯಸ್ಕರ ಶಿಕ್ಷಣ ಸಮಿತಿ ಆಯ್ತು. ಹೊಸದಾಗಿ ಓದು ಕಲಿತೋರಿಗೆ ಅಂತಲೇ 'ಬೆಳಕು' ಅನ್ನೋ ವಾರಪತ್ರಿಕೆ ತಂದರು. ಗಾಂಧೀಜಿ ಹುಟ್ಟಿ ನೂರು ವರ್ಷ ಆದ 1969ರಲ್ಲಿ ಕಾಲೇಜು ಮಕ್ಕಳ ಎನ್‌ಎಸ್‌ಎಸ್ ಶುರುವಾಯ್ತು.

ನಮ್ಮ ಪಕ್ಕದ ಕೋಟೆ ತಾಲ್ಲೂಕಿನ ಕಥೆ ಮಾತ್ರ ಬಿಡಿಸಿ ಹೇಳಲೇಬೇಕು. 1974ರಲ್ಲಿ ಕಬಿನಿ ಅಣೆಕಟ್ಟೆ ಮುಗೀತು. ಅದಕ್ಕೆ ಒಂದು ವರ್ಷ ಮುಂಚೆ ಬಂಡೀಪುರ ಹುಲಿ ಯೋಜನೆಗೆ ಸೇರಿತ್ತು. ಒಂದು ಕಡೆ ನೀರು, ಇನ್ನೊಂದು ಕಡೆ ಕಾಡಿನ ಕಾನೂನು. ನಡುವೆ ಜೇನುಕುರುಬರು, ಕಾಡುಕುರುಬರು, ಯರವರು ತಮ್ಮ ಜಾಗ ಬಿಟ್ಟು ಕಾಡಂಚಿನ ಹಾಡಿಗಳಿಗೆ ಬಂದು ಬಿದ್ದರು. ಗೆಣಸು, ಜೇನು, ಬೇರು ನಾರು ಎಲ್ಲಾ ಬಲ್ಲ ಜನ, ಕೂಲಿಗೆ ಕೈಚಾಚೋ ಹಂಗಾಯ್ತು. ನಿಮಗೇನು ಬೇಕು ಅಂತ ಅವರನ್ನ ಕೂರಿಸಿಕೊಂಡು ಕೇಳಿದೋರು ಎಷ್ಟು ಜನ?

1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಅಂತ ಕಟ್ಟಿಕೊಂಡರು. ಮೊದಲು ಮಾಡಿದ್ದು ಚಿಕ್ಕ ಕೆಲಸಗಳೇ. ಡಾಕ್ಟರುಗಳ ಹತ್ರ ಇರೋ ಸ್ಯಾಂಪಲ್ ಔಷಧಿ ಕೇಳಿ ತಂದು ಬಡ ರೋಗಿಗಳಿಗೆ ಕೊಡೋದು, ರಕ್ತ ಹೊಂದಿಸೋದು. ಓದು ಮುಗಿದ ಮೇಲೆ, 1987ರ ಕೊನೇಲಿ, ಬ್ರಹ್ಮಗಿರಿ ಹಾಡಿಗೇ ಹೋಗಿ ನಿಂತರು. ಹೋದದ್ದು ಚಿಕಿತ್ಸೆ ಕೊಡೋಕೆ. ಆದರೆ ಅಲ್ಲೇ ಇದ್ದಾಗ ತಾನೆ ಕಾಣೋದು, ಬರೀ ಮಾತ್ರೆಯಿಂದ ಆಗೋದಲ್ಲ, ಹೈಕಳಿಗೆ ಓದೂ ಬೇಕು ಅಂತ. ಆಮೇಲೆ ಹೊಸಹಳ್ಳಿಯಲ್ಲಿ ಆದಿವಾಸಿ ಮಕ್ಕಳ ಶಾಲೆ, ಸರಗೂರಿನಲ್ಲಿ ಆಸ್ಪತ್ರೆ ಬೆಳೆದವು. ಇದರಲ್ಲಿ ನಂಗೆ ಹಿಡಿಸಿದ್ದು ಒಂದೇ ಮಾತು: ಅವರು ಕೆಲಸ ಹುಡುಕಲಿಲ್ಲ. ಜನರ ಹತ್ರ ಹೋದರು, ಕೆಲಸ ಕಾಣಿಸ್ತು.

ಈ ಪಾಠ ನಂಗೆ ತಡವಾಗಿ ಬಂತು. 2019ರ ಆಗಸ್ಟ್‌ನಲ್ಲಿ ಲಕ್ಷ್ಮಣತೀರ್ಥ ಉಕ್ಕಿ ಹುಣಸೂರಿನ ತಗ್ಗಿನ ಬೀದಿಗಳಿಗೆಲ್ಲ ನೀರು ನುಗ್ಗಿತಲ್ಲ, ಆಗ ನಾವು ನಾಕು ಜನ ಹೆಂಗಸರು ಹಳೇ ಸೀರೆಗಳನ್ನ ಮೂಟೆ ಕಟ್ಟಿಕೊಂಡು ಹೋದ್ವಿ. ಜರಿ ಕಿತ್ತ ರೇಷ್ಮೆ ಸೀರೆಯೂ ಅದರೊಳಗಿತ್ತು. ಪರಿಹಾರ ಕೇಂದ್ರದಲ್ಲಿ ಒಬ್ಬ ಹೆಣ್ಣುಮಗಳು ನನ್ನ ಪಕ್ಕಕ್ಕೆ ಕರೆದು ಮೆತ್ತಗೆ, "ಅಕ್ಕಾ, ಒಳಬಟ್ಟೆ ಇದ್ದರೆ ಕೊಡಿ. ಪ್ಯಾಡ್ ಬೇಕಾಗಿತ್ತು" ಅಂದಳು. ನಮ್ಮ ಮೂಟೇಲಿ ಅದೊಂದೂ ಇರಲಿಲ್ಲ. ನಾನೂ ಹೆಣ್ಣಾಗಿ ಒಂದು ಮಾತು ಕೇಳದೆ ಹೋದೆನಲ್ಲ ಅಂತ ಮುಖ ಚಿಕ್ಕದಾಯ್ತು. ನಾವು ಕೊಟ್ಟದ್ದು ಅವರಿಗೆ ಬೇಕಾದ್ದಲ್ಲ, ನಮಗೆ ಬೇಡವಾದ್ದು.

ಇನ್ನೊಂದು ಮಾತು. ಸೇವೆ ಅನ್ನೋ ಹೆಸರಲ್ಲಿ ಹೆಂಗಸರ ಗೇಮೆನ ಅಗ್ಗ ಮಾಡಬಾರದು. 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದ ಮೊದಲ ಅಂಗನವಾಡಿಗಳು ಶುರುವಾದದ್ದು ನಮ್ಮ ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲೇ. ಆವತ್ತಿಂದ ಇವತ್ತಿನವರೆಗೂ ಅಲ್ಲಿ ದುಡಿಯೋರಿಗೆ ಕೊಡೋದು ಸಂಬಳ ಅಲ್ಲ, ಗೌರವಧನ. ಆಶಾ ಅಕ್ಕಂದಿರಿಗೂ ಅಷ್ಟೇ. ದಿನಪೂರ್ತಿ ದುಡಿಮೆ ಮಾಡಿಸಿಕೊಂಡು ಸ್ವಯಂಸೇವೆ ಅನ್ನೋದು ಮುಯ್ಯಾಳಿನ ನ್ಯಾಯ ಅಲ್ಲ. ಮುಯ್ಯಾಳಿನಲ್ಲಿ ತಿರುಗಿ ಬರೋದು ಇತ್ತು. ಅದಕ್ಕೇ ನಾವು ಹೋಗಿ ಅವರ ಕೂಳು ಕಿತ್ಕೋಬಾರದು, ಅವರ ಹೊರೆ ಹಗುರ ಮಾಡಬೇಕು.

ಹಂಗಾದರೆ ಎಲ್ಲಿಗೆ ಹೋಗೋದು? ನಿನ್ನೆ ಆ ಅಕ್ಕನಿಗೆ ಇಷ್ಟು ಹೇಳ್ದೆ. ಬೀದಿಯ ಅಂಗನವಾಡಿಗೆ ಹೋಗಿ ಟೀಚರ್‌ನ ಕೇಳಿ, ವಾರಕ್ಕೊಂದು ದಿನ ಕಥೆ ಹೇಳೋಕೆ ಬರಲಾ ಅಂತ. ಸರ್ಕಾರಿ ಶಾಲೆಯ ಎಸ್‌ಡಿಎಂಸಿಯೋರನ್ನ ಕೇಳಿ. ಗ್ರಾಮ ಪಂಚಾಯ್ತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಓದಿಸೋರು ಬೇಕೇನೋ ವಿಚಾರಿಸಿ. ತೂಕ 45 ಕೆ.ಜಿ. ದಾಟಿ, ಹಿಮೋಗ್ಲೋಬಿನ್ 12.5 ಇದ್ದು, ಆರೋಗ್ಯವಾಗಿದ್ದರೆ 65 ವರ್ಷದ ತನಕ ರಕ್ತ ಕೊಡಬಹುದು. ಹೆಂಗಸರಾದರೆ ನಾಕು ತಿಂಗಳಿಗೊಂದು ಸಲ. ಇದ್ಯಾವುದೂ ಆಗದಿದ್ದರೆ, ಪಿಂಚಣಿ ಅರ್ಜಿ ತುಂಬಲಾರದ ಒಂಟಿ ಮುದುಕಿ ಯಾವ ಬೀದೀಲಿಲ್ಲ ಹೇಳಿ?

ಅಕ್ಕ ಇವತ್ತು ಬೆಳಗ್ಗೆ ಅಂಗನವಾಡಿಗೆ ಹೋಗಿದ್ದರಂತೆ. ಟೀಚರ್ ಕಥೆ ಬೇಡ ಅಂದರಂತೆ. "ಮೀಟಿಂಗು ಇದ್ದ ದಿನ ಹೈಕಳನ್ನ ಒಂದು ಗಂಟೆ ನೋಡ್ಕಂಡ್ರೆ ಸಾಕು ಕಣಕ್ಕ" ಅಂದರಂತೆ. ಗುರುವಾರದಿಂದ ನಾನೂ ಹೋಗ್ತೀನಿ.